ಆರು ಮಿಲಿಮೀಟರ್ ಆಳ

ಟುಂಬೆಸ್ ಕೊಲ್ಲಿಯ ದಡದಲ್ಲಿ, ಕವುಚಿ ಹಾಕಿದ ದೋಣಿಯ ಮೇಲೆ
ಕುಳಿತು ಬಾಯಿ ತೆರೆದ ದೊನ್ ಎಲಿಸೆಯೊ.
"ನೋಡ್ಕೊಳ್ಳಿ, ಈ ಬಾಗಿಲಿಗೆ ಚಿಲಕವಿಲ್ಲ" ಎಂದ.
ನಲವತ್ತು ವರ್ಷ ಗಾಳಿಯ ಕೊಳವೆ ಕಚ್ಚಿ ಹಿಡಿದ ಬಾಯಿ.
ಎಡಗಡೆ ಮೂರು ಹಲ್ಲು ಉಳಿದಿದ್ದವು, ಬಲಗಡೆ
ಇನ್ನೂ ಕಡಿಮೆ. ಒಸಡು ಮುಟ್ಟಿದರೆ ರಕ್ತ.

ಎದಿಬೆರ್ತೊ ಸಲಾಕೆ ಇಳಿಸಿ ಆಳ ಕೂಗುತ್ತಿದ್ದ:
ಐದು. ಏಳು. ಆರು.
ಹಾಳೆ ಹಾರದಂತೆ ಮೊಣಕೈ ಊರಿ ಬರೆದುಕೊಳ್ಳುತ್ತಿದ್ದೆ ನಾನು.
"ಏನು ಆರು?" ಕೇಳಿದ, ಬೆರಳು ಬಾಯೊಳಗಿದ್ದಂತೆಯೇ.
ಮಿಲಿಮೀಟರ್, ಅಂದೆ.
ನಕ್ಕುಬಿಟ್ಟ. ಹದಿನೈದಾಳು ನೀರಿನ ತಳದಿಂದ
ಚಿಪ್ಪು ಕಿತ್ತು ತಂದವನು; ಆಳವೆಂದರೆ ಅವನಿಗೆ
ಮನುಷ್ಯನ ಮೇಲೆ ಮನುಷ್ಯನನ್ನು ನಿಲ್ಲಿಸಿ ಅಳೆಯುವಂಥದ್ದು.

ಕಾಗದದ ಬತ್ತಿ ಒಸಡಿನ ಸಂದಿಗಿಟ್ಟು ಮೂವತ್ತು ಎಣಿಸಿದೆ.
ಟ್ಯೂಬಿನ ಮೇಲೆ ಬರೆದೆ: ನಲವತ್ತೊಂದು.
ಅವನ ಕರುಳಿನಿಂದ ತೆಗೆದ ಗಡ್ಡೆಯ ಚೂರು
ಆಗಲೇ ನಮ್ಮಲ್ಲಿತ್ತು, ಅದೇ ಸಂಖ್ಯೆ ಹೊತ್ತು,
ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ.

*

ಕಾನ್ಸೆಪ್ಸಿಯೋನ್. ರಾತ್ರಿ ಹನ್ನೊಂದು.
ಯಂತ್ರ ಓದುತ್ತಿದೆ ನಾಲ್ಕೇ ಅಕ್ಷರದ ಭಾಷೆ,
ಒತ್ತಿಲ್ಲ, ಕೊಂಬಿಲ್ಲ, ಉಸಿರು ತೆಗೆದುಕೊಳ್ಳಲು ಒಂದು ಅಲ್ಪವಿರಾಮವಿಲ್ಲ.
ಕೊನೆಗೊಂದು ಹೆಸರು: ಫ್ಯೂಸೋಬ್ಯಾಕ್ಟೀರಿಯಂ.

ಎರಡೂ ತುದಿ ಚೂಪು, ನಡು ತುಸು ದಪ್ಪ,
ಥೇಟು ಕದಿರು. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡಾಗ
ಅಜ್ಜಿ ಕ್ಲೊರಿಂದಾ ನೆನಪಾದಳು, ಚೋಲ್‌ಚೋಲ್‌ನಲ್ಲಿ ಉಣ್ಣೆ ನೂಲುತ್ತ,
ನೂಲು ಕಡಿಯಲು ಕತ್ತರಿ ಹುಡುಕದೆ ಹಲ್ಲಿಗೇ ಕೊಡುತ್ತಿದ್ದವಳು.

ಬಾಯೊಳಗೆ ಇದು ಅಷ್ಟೇನೂ ಕೆಟ್ಟದ್ದಲ್ಲ, ಹಾಗಂತ ಒಳ್ಳೆಯದೂ ಅಲ್ಲ.
ಒಂದಕ್ಕೊಂದು ಅಂಟದ ಕ್ರಿಮಿಗಳ ನಡುವೆ ನಿಂತು
ಈ ಕೈಯಲ್ಲಿ ಅದನ್ನು, ಆ ಕೈಯಲ್ಲಿ ಇದನ್ನು ಹಿಡಿದು
ಹಲ್ಲಿನ ಬುಡದಲ್ಲಿ ಕೇರಿ ಕಟ್ಟುವ ಜೀವ.
ಗಾಳಿ ತಾಕಿದರೆ ಸೊರಗುತ್ತದೆ. ಅದಕ್ಕೇ ಆಳ ಬೇಕು.
ಆರು ಮಿಲಿಮೀಟರ್ ಅದಕ್ಕೆ ಸಮುದ್ರ.

ಗಾಳಿಗಾಗಿ ಕೊಳವೆ ಕಚ್ಚಿದವನ ಬಾಯಲ್ಲಿ
ಗಾಳಿ ಒಲ್ಲದ್ದು ಮನೆ ಮಾಡಿತ್ತು.

ಹೊಟ್ಟೆಯೊಳಗಿನದು ಬಾಯಿಗೆ ಬರುವುದುಂಟು:
ಸಿಟ್ಟು, ಗುಟ್ಟು, ಕುಡಿದಾಗ, ಮುಳುಗಿ ಸತ್ತ ತಮ್ಮನ ಹೆಸರು.
ಬಾಯೊಳಗಿನದು ಹೊಟ್ಟೆಗಿಳಿದು ಗಡ್ಡೆಯಲ್ಲಿ ಕೂತದ್ದಕ್ಕೆ
ಗಾದೆ ಇನ್ನೂ ಹುಟ್ಟಿಲ್ಲ.
ಗಡ್ಡೆಯ ಜೀವಕೋಶ ಮೈಮೇಲೊಂದು ಸಕ್ಕರೆ ತೊಟ್ಟಿರುತ್ತದಂತೆ;
ಅದನ್ನೇ ಹಿಡಿಕೆ ಮಾಡಿಕೊಂಡು ಇದು ನೇತುಬೀಳುತ್ತದೆ,
ರಕ್ತದ ದಾರಿಯಲ್ಲೋ, ನುಂಗಿದ ಉಗುಳಿನ ದಾರಿಯಲ್ಲೋ ಬಂದು.
ಡಾಕ್ಟರ್ ಇತುರ್ರಾ ಒಂದನ್ನುತ್ತಾರೆ, ನಾನು ಇನ್ನೊಂದು.

ಪರದೆಯಲ್ಲಿ ಎರಡು ಸಾಲು, ಒಂದರ ಕೆಳಗೊಂದು:
ಒಸಡಿನದು, ಕರುಳಿನದು.
ಇಪ್ಪತ್ತು ಲಕ್ಷ ಅಕ್ಷರಗಳಲ್ಲಿ ವ್ಯತ್ಯಾಸ ಒಂಬತ್ತು.
ಒಂದೇ ಮನೆತನ. ಅಲ್ಲ, ಅದೇ ಆಸಾಮಿ,
ಅಂಗಿ ಬದಲಿಸಿ ಬಂದವನು.

ಯಾರಿಗಾದರೂ ಹೇಳಲೇಬೇಕಿತ್ತು.
ನೆಲ ಒರೆಸುತ್ತಿದ್ದ ನೊಯೆಮಿಗೆ ಹೇಳಿದೆ.
"ಒಳ್ಳೆ ಸುದ್ದಿಯೋ, ಕೆಟ್ಟದ್ದೋ?"
ಹೊಂದುತ್ತದೆ, ಅಂದೆ. ಅವಳು ಕಾದಳು.
ಆಮೇಲೆ ಬಕೆಟ್ ತಳ್ಳಿಕೊಂಡು ಹೋದಳು.

*

ಜುಲೈ ಚಳಿಯಲ್ಲಿ ಮತ್ತೆ ಹೋದಾಗ
ಅವನ ಸ್ವೆಟರಿನೊಳಗೆ ಇನ್ನೊಬ್ಬನಿಗೆ ಜಾಗವಿತ್ತು.
"ಹಾಗಾದರೆ ನನ್ನ ಬಾಯೇ ನನ್ನ ಹೊಟ್ಟೆ ತಿಂದಿತೇ?"

ಬೆಂಕಿಯ ಹತ್ತಿರ ಸಿಕ್ಕವರೆಲ್ಲ ಬೆಂಕಿ ಇಟ್ಟವರಲ್ಲ, ಅಂದೆ;
ಚಳಿ ಕಾಯಿಸಲು ಬಂದವರೂ ಇರುತ್ತಾರೆ,
ಬಂದಮೇಲೆ ಸೌದೆ ಒಟ್ಟಿದವರೂ.
ತಿಳಿಯಲು ಇನ್ನೂ ಮುನ್ನೂರು ಬಾಯಿ ಬೇಕು,
ಆರು ವರ್ಷ ಬೇಕು.

"ಆರು" ಎಂದ. ತುಟಿ ಮುಚ್ಚಿ ನಾಲಗೆಯಿಂದ
ಒಳಗೆಲ್ಲೋ ತಡಕಾಡಿದ್ದು ಕೆನ್ನೆಯ ಮೇಲೆ ಕಂಡಿತು.

ಆಮೇಲೆ ಒಂದು ಚಿಪ್ಪು ಬಿಡಿಸಿದ, ತಾನು ತಿಂದ,
ಇನ್ನೊಂದನ್ನು ಅದೇ ಚಾಕುವಿನ ತುದಿಯಲ್ಲಿ ನನ್ನತ್ತ ಚಾಚಿದ.
ತಿಂದೆ. ನಿಂಬೆಹುಳಿ, ಉಪ್ಪು,
ಮರಳಿನ ಒಂದು ಕಾಳು
ಹಲ್ಲಿಗೆ ಸಿಕ್ಕಿ ಕಟಕ್ಕೆಂದಿತು.